ಬಿಚ್ಚಬೇಡ ಎಂದ ಇಂಜಿನ್ನು

ತೆರಕಣಾಂಬಿ ದಾಟಿ ಎರಡು ಮೈಲಿ ಹೋಗಿರಬಹುದು, ಗಿರೀಶನ ಕಾರಿನ ಮುಂಭಾಗದಿಂದ ಒಂದು ಸದ್ದು ಶುರುವಾಯಿತು. ತಗಡಿನ ಡಬ್ಬದಲ್ಲಿ ಹುಣಸೆಬೀಜ ಹಾಕಿ ಅಲ್ಲಾಡಿಸಿದಂಥ ಸದ್ದು. ಕಾಲು ಒತ್ತಿದರೆ ಜೋರಾಗುತ್ತಿತ್ತು, ತೆಗೆದರೆ ಸಣ್ಣಗಾಗುತ್ತಿತ್ತು, ಪೂರ್ತಿ ಮಾತ್ರ ನಿಲ್ಲುತ್ತಿರಲಿಲ್ಲ. ಪಕ್ಕದ ಲಾರಿಯದಿರಬೇಕು ಎಂದುಕೊಂಡು ಅವನು ಕಿಟಕಿಯ ಗಾಜು ಇಳಿಸಿದ. ಲಾರಿ ಹಿಂದೆ ಉಳಿಯಿತು, ಸದ್ದು ಜೊತೆಯಲ್ಲೇ ಬಂತು.

ಗುಂಡ್ಲುಪೇಟೆಯವರೆಗೆ ಅವನು ಮೂವತ್ತರ ಮೇಲೆ ಹೋಗಲಿಲ್ಲ. ದಿನವೂ ಅವನಿಗೆ ದಾರಿ ಬಿಡುತ್ತಿದ್ದ ಬೈಕುಗಳೆಲ್ಲ ಅವತ್ತು ಅವನನ್ನು ದಾಟಿಕೊಂಡು ಹೋದವು.

ಗಿರೀಶ ಜಮೀನು ಅಳೆಯುವ ಸರ್ವೆಯರ್. ಮೂವತ್ತಾರು ವರ್ಷ. ಕೆಲಸ ಗುಂಡ್ಲುಪೇಟೆಯಲ್ಲಿ, ಮನೆ ಹರದನಹಳ್ಳಿಯಲ್ಲಿ. ಹೋಗಿ ಬರುವುದಕ್ಕೆ ದಿನಕ್ಕೆ ಎಂಬತ್ತು ಕಿಲೋಮೀಟರ್. ಬೀಡಿ ಸಿಗರೇಟು ಇಲ್ಲ, ಇಸ್ಪೀಟು ಇಲ್ಲ, ಕಚೇರಿಯಲ್ಲಿ ಯಾರ ಕೈಯಿಂದಲೂ ಒಂದು ಕಾಫಿ ಕುಡಿದವನಲ್ಲ. ಅವನಿಗಿದ್ದ ಚಟ ಈ ಕಾರೊಂದೇ. ನೆಲಕ್ಕೆ ಕುಳಿತಂತಿದ್ದ ನೀಲಿ ಬಣ್ಣದ ಟರ್ಬೊ ಕಾರು. ಎರಡನೇ ಗೇರಿನಲ್ಲಿ ಕಾಲೊತ್ತಿದರೆ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತಿತ್ತು. ತೆರಕಣಾಂಬಿಯ ಆಚೆಯ ನೇರ ರಸ್ತೆಯಲ್ಲಿ ಬೆಳಿಗ್ಗೆ ಒಂದೆರಡು ನಿಮಿಷ ಹಾಗೆ ಓಡಿಸಿದರೆ ಇಡೀ ದಿನ ಹೊಲದ ಬದುವಿನ ಮೇಲೆ ನಿಂತು ಅಣ್ಣತಮ್ಮಂದಿರ ಜಗಳ ಕೇಳುವ ತ್ರಾಣ ಬರುತ್ತಿತ್ತು. ಸರ್ವೆಯರಿಗೆ ಇಂಥ ಕಾರು ಎಲ್ಲಿಂದ ಬಂತು ಎಂದು ಜನ ಆಡಿಕೊಳ್ಳುತ್ತಿದ್ದುದು ಅವನ ಕಿವಿಗೂ ಬಿದ್ದಿತ್ತು. ಹದಿಮೂರು ವರ್ಷದ ಸಂಬಳದಲ್ಲಿ ಉಳಿಸಿದ್ದು ಎಂದು ಯಾರಿಗೆ ಹೇಳಿಕೊಂಡು ತಿರುಗುವುದು ಎಂದು ಸುಮ್ಮನಿದ್ದ.

ಕಾರನ್ನು ಅವನು ಹದಿನಾಲ್ಕು ತಿಂಗಳ ಹಿಂದೆ ದಿಲೀಪನಿಂದ ಕೊಂಡಿದ್ದ. ದಿಲೀಪ ಚಂದಕವಾಡಿಯ ಗುರುಪಾದಸ್ವಾಮಿಯವರ ಒಬ್ಬನೇ ಮಗ. ಅವರದು ಅರಿಸಿನದ ವ್ಯಾಪಾರ, ಜೊತೆಗೆ ಮೂವತ್ತು ಎಕರೆ ನೀರಾವರಿ. ಗಿರೀಶನ ಅಪ್ಪ ಮಾರಯ್ಯ ಆ ಜಮೀನಿನಲ್ಲಿ, ಆಮೇಲೆ ಆ ಗೋದಾಮಿನಲ್ಲಿ ಇಪ್ಪತ್ತೆರಡು ವರ್ಷ ದುಡಿದವನು. ಅಪ್ಪಂದಿರ ಸಂಬಂಧ ಹೀಗಿದ್ದರೂ ಮಕ್ಕಳು ಚಾಮರಾಜನಗರದ ಕಾಲೇಜಿನಲ್ಲಿ ಒಂದೇ ಬೆಂಚಿನವರು. ಗಿರೀಶನ ನೋಟ್ಸು ನೋಡಿ ದಿಲೀಪ ಪಾಸಾದ, ದಿಲೀಪನ ಬೈಕಿನಲ್ಲಿ ಗಿರೀಶ ಗೇರು ಹಾಕುವುದು ಕಲಿತ. ಆ ಸ್ನೇಹ ಮದುವೆಗಳಾದ ಮೇಲೂ ಉಳಿದಿತ್ತು.

ಆ ಕಾರಿಗೂ ಗಿರೀಶನಿಗೂ ಇನ್ನೊಂದು ಋಣವಿತ್ತು. ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವನ ತಾಯಿ ಶಿವಮ್ಮ ಬಟ್ಟೆ ಒಗೆಯುತ್ತಿದ್ದವಳು ಎದೆ ಹಿಡಿದುಕೊಂಡು ಕಲ್ಲಿನ ಮೇಲೇ ಕುಸಿದಳು. ಹೃದಯಾಘಾತ, ಈಗಲೇ ಮೈಸೂರಿಗೆ ಸಾಗಿಸಿ ಎಂದರು ಊರಿನ ಡಾಕ್ಟರು. ಆಂಬುಲೆನ್ಸ್ ಬೇರೆ ಕಡೆ ಹೋಗಿತ್ತು. ಗಿರೀಶ ಫೋನು ಮಾಡಿದ ಹತ್ತು ನಿಮಿಷಕ್ಕೆ ದಿಲೀಪ ಇದೇ ನೀಲಿ ಕಾರು ತಂದು ನಿಲ್ಲಿಸಿದ. ಶಿವಮ್ಮನ ಒದ್ದೆ ಸೀರೆಯನ್ನೂ ನೋಡದೆ ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿ, ಅರವತ್ತು ಕಿಲೋಮೀಟರನ್ನು ನಲವತ್ತೈದು ನಿಮಿಷದಲ್ಲಿ ಮುಗಿಸಿದ. ಇನ್ನು ಅರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದು ಅಲ್ಲಿನ ಡಾಕ್ಟರು ಹೇಳಿದರು. ಅವತ್ತು ಇಂಜಿನ್ನು ಕೂಗಿದ ಸದ್ದು ಗಿರೀಶನ ಕಿವಿಯಲ್ಲಿ ಕೂತುಬಿಟ್ಟಿತು. ಹಾಗಾಗಿ ಮುಂದೊಂದು ದಿನ ದಿಲೀಪ, “ದೊಡ್ಡ ಗಾಡಿ ತಗೋತಾ ಇವ್ನಿ ಕಣ್ಲಾ, ಇದನ್ನ ಇನ್ಯಾರಿಗೊ ಕೊಡೋ ಬದ್ಲು ನೀನೇ ಮಡಿಕೊ,” ಎಂದಾಗ ಗಿರೀಶ ಚೌಕಾಸಿಯನ್ನೂ ಮಾಡಲಿಲ್ಲ.

ಕೀಲಿ ಕೊಟ್ಟದ್ದು ಚಂದಕವಾಡಿಯ ಮನೆಯ ಜಗಲಿಯಲ್ಲಿ. ದಿಲೀಪನ ತಾಯಿ ದೊಡ್ಡಮಲ್ಲಮ್ಮ ಕಾಫಿ ತಂದರು. ಮಗನಿಗೆ ಸ್ಟೀಲಿನ ಲೋಟ, ಗಿರೀಶನಿಗೆ ಕಾಗದದ ಕಪ್ಪು. ಈಗ ಎಲ್ಲ ಕಡೆ ಕಾಗದದ ಕಪ್ಪೇ ಅಲ್ಲವೆ ಎಂದು ಗಿರೀಶ ತನಗೆ ತಾನೇ ಹೇಳಿಕೊಂಡು ಕುಡಿದ. ಕುಡಿದ ಕಪ್ಪನ್ನು ತಾನೇ ಹೊರಗೆ ಹಾಕಿ ಬಂದ.

ಸದ್ದು ಶುರುವಾದ ದಿನ ಗಿರೀಶ ಕಾರನ್ನು ನೇರ ತಂದದ್ದು ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿದ್ದ ಶಿವರಾಮುವಿನ ಗ್ಯಾರೇಜಿಗೆ. ಶಿವರಾಮು ಹನ್ನೆರಡು ವರ್ಷ ಕೊಯಮತ್ತೂರಿನಲ್ಲಿ ಇಂಜಿನ್ ಕೆಲಸ ಮಾಡಿ ಬಂದವನು. ಕಾರಿನ ಬಾನೆಟ್ಟು ಎತ್ತಿ, ಒಂದು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ, ಹಿಡಿಯನ್ನು ತನ್ನ ಕಿವಿಗೆ ಆನಿಸಿಕೊಂಡು ಬಹಳ ಹೊತ್ತು ಕೇಳಿದ. ಆಮೇಲೆ ಒಂದೊಂದೇ ಪ್ಲಗ್ಗು ತೆಗೆದು ಮೀಟರು ಹಾಕಿ ನೋಡಿದ.

“ಮೂರನೇ ಬೋರಲ್ಲಿ, ಅದೇ ಸಿಲಿಂಡರಲ್ಲಿ, ಕಂಪ್ರೆಷನ್ ಸತ್ತೋಗದೆ ಸಾರ್. ಎರಡನೇದೂ ಅಷ್ಟಕ್ಕಷ್ಟೆ. ಆಯಿಲ್ ಬೇರೆ ಕುಡೀತಾ ಅದೆ.”

“ಏನಾಗಿರಬಹುದು?”

“ಬಿಚ್ಚದೆ ಹೇಳಿದ್ರೆ ಸುಳ್ಳು ಹೇಳ್ದಂಗಾಯ್ತದೆ. ಎರಡು ದಾರಿ ಅದೆ. ಪೂರ್ತಿ ಬಿಚ್ಚಿ, ಮೈಸೂರಲ್ಲಿ ಲೇತಿಗೆ ಹಾಕ್ಸಿ, ಪಿಸ್ಟನ್ನು ರಾಡು ಬೇರಿಂಗು ಎಲ್ಲ ಹೊಸದು ಕೂರ್ಸೋದು. ಒಂದೂವರೆ ತಿಂಗಳು ಹಿಡೀತದೆ. ಇಲ್ಲ, ಆಕ್ಸಿಡೆಂಟ್ ಆಗಿರೊ ಇಂಥದೇ ಗಾಡಿದು ಒಂದು ಇಂಜಿನ್ ತಂದು ಇಳ್ಸೋದು. ನಾಕು ದಿನದ ಕೆಲಸ.”

“ಖರ್ಚು?”

“ಹೆಚ್ಚುಕಮ್ಮಿ ಒಂದೇ ಬೀಳ್ತದೆ. ದಿನಾ ಓಡಾಡೋರು ನೀವು, ಬೇಗ ಬೇಕು ಅಂದ್ರೆ ಬದಲಾಯಿಸಿ. ನನ್ನ ಕೇಳಿದ್ರೆ ಬ್ಯಾಡ ಅಂತೀನಿ. ಬೇರೆಯವರ ಇಂಜಿನ್ ತರೋದು ಅಂದ್ರೆ ಬೇರೆಯವರ ಪಾಪ ಕೊಂಡ್ಕೊಂಡಂಗೆ. ಎಂಥವನು ಓಡ್ಸಿದ್ನೊ, ಆಯಿಲ್ ಹಾಕಿದ್ನೊ ಇಲ್ವೊ. ಇದಾದ್ರೆ ಒಳಗೆ ಏನದೆ ಅಂತ ನಾನೇ ಕಣ್ಣಲ್ಲಿ ನೋಡಿರ್ತೀನಿ.”

ಗಿರೀಶ ಒಂದು ವಾರ ಸಮಯ ಕೇಳಿ, ಕಾರು ಅಲ್ಲೇ ಬಿಟ್ಟು ಬಸ್ಸು ಹತ್ತಿದ.

ಸಂಜೆ ದಿಲೀಪನಿಗೆ ಫೋನಿನಲ್ಲಿ ವಿಷಯ ಹೇಳಿದ. ಕಷ್ಟಸುಖ ಹೇಳಿಕೊಳ್ಳುವಂತೆ ಹೇಳಿದನೇ ಹೊರತು ಅದರಲ್ಲಿ ದೂರು ಇರಲಿಲ್ಲ. ಮರುದಿನ ಬೆಳಿಗ್ಗೆ ಏಳು ಗಂಟೆಗೆ ದಿಲೀಪನ ದೊಡ್ಡ ಗಾಡಿ ಹರದನಹಳ್ಳಿಯ ಅವರ ಬೀದಿಗೆ ಬಂದು ನಿಂತಿತು. ಮಾರಯ್ಯ ಜಗಲಿಯಿಂದ ಎದ್ದು, “ಬನ್ನಿ ಬುದ್ದಿ,” ಎಂದು ಹೆಗಲ ಟವೆಲ್ಲು ತೆಗೆದು ಕುರ್ಚಿ ಒರೆಸಿದ. ದಿಲೀಪ ಕೂರಲಿಲ್ಲ.

“ಕೊಯಮತ್ತೂರಲ್ಲಿ ನಂಗೆ ಗೊತ್ತಿರೋರು ಅವ್ರೆ ಗಿರೀಶ. ರಾತ್ರಿಯೇ ಮಾತಾಡ್ದೆ. ಬರೀ ಇಪ್ಪತ್ತು ಸಾವಿರ ಕಿಲೋಮೀಟರ್ ಓಡಿರೋ ಇಂಜಿನ್ನು, ಹಿಂದಿನಿಂದ ಗುದ್ದಿಸ್ಕೊಂಡ ಗಾಡಿದು. ಹಳೇದನ್ನ ಹಂಗೇ ಅವರಿಗೆ ಕೊಟ್ಬುಟ್ರೆ ರೇಟಲ್ಲೂ ಕಮ್ಮಿ ಮಾಡ್ತಾರೆ. ಆದ್ರೆ ಬಿಚ್ಚಿರಬಾರ್ದು. ಬಿಚ್ಚಿದ್ದು ಅವರು ತಗೊಳಲ್ಲ.”

“ಶಿವರಾಮು ಬಿಚ್ಚಿ ಕೆಲಸ ಮಾಡಿಸಿ ಅಂತಾವ್ನೆ.”

“ಅವರಿಗೆ ಕೆಲಸ ಬೇಕು, ಹಂಗಂತಾರೆ. ಒಂದು ಸಲ ಬಿಚ್ಚಿದ ಇಂಜಿನ್ನು ಮುಂಚಿನಂಗೆ ಆಗಲ್ಲ ಕಣ್ಲಾ. ಬಿಚ್ಚಿಸ್ಬೇಡ.” ಆಮೇಲೆ ಹೇಳಿದ, “ಹೊಸ ಇಂಜಿನ್ನಿನ ಅರ್ಧ ದುಡ್ಡು ನಾನು ಹಾಕ್ತೀನಿ. ನನ್ನ ಗಾಡಿ ಅಲ್ವ ಅದು, ನಂಗೂ ಸಂಕಟ ಆಯ್ತದೆ.”

ಮಾರಿ ವರ್ಷ ದಾಟಿದ ಗಾಡಿಗೆ ಯಾರು ಹೀಗೆ ಬಂದು ನಿಲ್ಲುತ್ತಾರೆ ಎಂದುಕೊಂಡ ಗಿರೀಶ. ಹೊರಡುವಾಗ ದಿಲೀಪ ಕಾರಿನ ಕಿಟಕಿಯಿಂದ ಮತ್ತೊಮ್ಮೆ, “ನೋಡು, ಬಿಚ್ಚಿಸ್ಬೇಡ ಮತ್ತೆ,” ಎಂದ. ಎರಡು ದಿನ ಬಿಟ್ಟು ಅದನ್ನೇ ಮೆಸೇಜಿನಲ್ಲಿಯೂ ಕಳಿಸಿದ.

ಗಿರೀಶನ ಹೆಂಡತಿ ಮಾನಸ ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ಚಾಮರಾಜನಗರದ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಸುತ್ತಿ ಬಳಸಿ ಮಾತಾಡುವವಳಲ್ಲ. “ನಾಕು ದಿನದಲ್ಲಿ ಆಗೋ ಕೆಲಸಕ್ಕೆ ಒಂದೂವರೆ ತಿಂಗಳು ಬಸ್ಸಿಗೆ ಜೋತು ಬೀಳ್ತೀರ? ಅವರೇ ಅರ್ಧ ಕೊಡ್ತೀನಿ ಅಂತಾರೆ. ಬದಲಾಯಿಸಿ ಅತ್ಲಾಗಿ,” ಎಂದಳು.

ಲೆಕ್ಕ ಅವಳದೇ ಸರಿ. ಐದು ದಿನ ಬಸ್ಸಿನಲ್ಲಿ ನಿಂತುಕೊಂಡು ಓಡಾಡುವಾಗ ಗಿರೀಶನೂ ಅದನ್ನೇ ಯೋಚಿಸಿದ. ಆದರೆ ಪ್ರತಿ ಸಲ ಒಂದೇ ಕಡೆ ಬಂದು ನಿಲ್ಲುತ್ತಿದ್ದ. ಆ ಇಂಜಿನ್ನು ಅವ್ವನನ್ನು ಉಳಿಸಿದ್ದು. ಅದನ್ನು ಕೊಯಮತ್ತೂರಿನ ಯಾವುದೋ ಗುಜರಿಯವನ ಕೈಗೆ ಕೊಟ್ಟರೆ ಅವನು ಕುಲುಮೆಗೆ ಹಾಕುತ್ತಾನೆ. ಹಾಲು ಬತ್ತಿತು ಎಂದು ಹಸುವನ್ನು ಕಟುಕನಿಗೆ ಮಾರಿದ ಹಾಗೆ. ಒಂದೂವರೆ ತಿಂಗಳು ತಾನೆ, ಹೋಗಲಿ. ಕೆಲಸ ಪೂರ್ತಿ ಮುಗಿಸಿ, ದಿಲೀಪನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇದು ಅದೇ ಇಂಜಿನ್ನು ಕಣೋ ಎಂದು ಹೇಳಬೇಕು. ಹಾಗೆ ಯೋಚಿಸಿಯೇ ಅವನು ದಿಲೀಪನಿಗೆ ಏನೂ ತಿಳಿಸಲಿಲ್ಲ. ಶುಕ್ರವಾರ ಶಿವರಾಮುವಿಗೆ ಫೋನು ಮಾಡಿ, ಬಿಚ್ಚು ಎಂದ.

ಮರುದಿನ ಎರಡನೇ ಶನಿವಾರ, ರಜೆ. ಅವನು ಹೋಗುವಷ್ಟರಲ್ಲಿ ಇಂಜಿನ್ನು ಕಾರಿನಿಂದ ಇಳಿದು ಕಬ್ಬಿಣದ ಸ್ಟ್ಯಾಂಡಿನ ಮೇಲಿತ್ತು. ಶಿವರಾಮು ಮೇಲಿನ ಹೆಡ್ಡು, ಕೆಳಗಿನ ಆಯಿಲ್ ಚೇಂಬರು ಎರಡನ್ನೂ ತೆಗೆದಿದ್ದ. ನಾಲ್ಕು ಪಿಸ್ಟನ್ನುಗಳನ್ನು ಅವುಗಳ ರಾಡಿನ ಸಮೇತ ಹಳೇ ಪೇಪರಿನ ಮೇಲೆ ಸಾಲಾಗಿ ಮಲಗಿಸಿದ್ದ. ಗಿರೀಶನನ್ನು ನೋಡಿ ನಮಸ್ಕಾರ ಕೂಡ ಹೇಳಲಿಲ್ಲ.

“ಸಾರ್, ಈ ಗಾಡಿ ಯಾವತ್ತಾದ್ರೂ ನೀರಲ್ಲಿ ಬಿಟ್ಟಿದ್ರಾ?”

“ಇಲ್ಲ. ಯಾಕೆ?”

ಶಿವರಾಮು ಮೂರನೆಯ ರಾಡನ್ನು ಎತ್ತಿ ಬೆಳಕಿಗೆ ಹಿಡಿದ. ಅಂಗೈಯಗಲದ ಉಕ್ಕಿನ ತುಂಡು. ಅದರ ನಡು ಮೈಮೇಲೆ ಸಾಲಾಗಿ ಸಣ್ಣ ಸಣ್ಣ ತಗ್ಗುಗಳಿದ್ದವು. “ಸುತ್ತಿಗೆ ಏಟು. ಓಡೋವಾಗ ಇಂಜಿನ್ ನೀರು ಕುಡಿದ್ರೆ ರಾಡು ಬಗ್ತವೆ. ಬಗ್ಗಿದ್ದನ್ನ ಎಸೆದು ಹೊಸದು ಹಾಕ್ಬೇಕು. ಇವ್ರು ತಟ್ಟಿ ನೆಟ್ಟಗೆ ಮಾಡಿ ಕೂರ್ಸವ್ರೆ. ಇದು ಒಂದ್ ವರ್ಷ ಎಳೆದದ್ದೇ ಹೆಚ್ಚು. ರಸ್ತೇಲಿ ಮುರಿದು ಹೊರಗೆ ಬಂದಿದ್ರೆ ಗಾಡಿ ಎಲ್ಲಿಗೆ ನುಗ್ತಿತ್ತೊ.”

“ಯಾರು ಮಾಡಿರಬಹುದು?” ಎಂದ ಗಿರೀಶ. ಮೊದಲ ಮಾಲೀಕನ ಕಾಲದ್ದಿರಬಹುದು ಎಂದು ಹೇಳಬೇಕೆಂದುಕೊಂಡವನಿಗೆ ಆ ಕಾರಿಗೆ ಮೊದಲ ಮಾಲೀಕನೇ ದಿಲೀಪ ಎಂಬುದು ನೆನಪಾಯಿತು.

ಬೋರಿನ ಪಕ್ಕದಲ್ಲಿ ಎರಡು ಇಂಗ್ಲಿಷ್ ಅಕ್ಷರಗಳನ್ನು ಚಾಣದಿಂದ ಕೆತ್ತಿದ್ದರು. ಮೈಸೂರಿನ ಲೇತಿನವನೊಬ್ಬ ತನ್ನ ಕೆಲಸಕ್ಕೆ ಹಾಕುವ ಗುರುತು ಅದು ಎಂದು ಶಿವರಾಮು ಹೇಳಿದ. ಅವನನ್ನೇ ಕೇಳಲೋ ಬೇಡವೋ ಎಂಬಂತೆ ಗಿರೀಶನ ಮುಖ ನೋಡಿದ. ಗಿರೀಶ ತಲೆಯಾಡಿಸಿದ. ಕೈಗೆ ಎಣ್ಣೆ ಮೆತ್ತಿದ್ದರಿಂದ ಶಿವರಾಮು ಫೋನನ್ನು ಬೆಂಚಿನ ಮೇಲಿಟ್ಟು ಸ್ಪೀಕರಿಗೆ ಹಾಕಿದ. ಆ ಕಡೆಯವನಿಗೆ ಕಾರಿನ ಬಣ್ಣ ಹೇಳುತ್ತಿದ್ದಂತೆ ಎಲ್ಲ ನೆನಪಿಗೆ ಬಂತು.

“ಓ, ಆ ನೀಲಿ ಗಾಡೀನಾ? ಚಂದಕವಾಡಿಯವರದು. ಕೆರೆ ಕೋಡಿ ಬಿದ್ದ ನೀರು ರಸ್ತೆ ಮೇಲೆ ಹರೀತಿದ್ದಾಗ ಜೋರಾಗಿ ನುಗ್ಸಿ ನೀರಲ್ಲೇ ನಿಲ್ಸಿದ್ರಲ್ಲ. ರಾಡು ನಾಲ್ಕೂ ಬದಲಾಯಿಸ್ಬೇಕು ಅಂದೆ ಕಣಣ್ಣ. ಬೇಡ, ತಟ್ಟಿ ಹಾಕು, ಒಂದು ವರ್ಷ ಓಡಿದ್ರೆ ಸಾಕು, ಮಾರೋದಕ್ಕೆ ಪಾರ್ಟಿ ಅವ್ನೆ ಅಂದ್ರು. ತಗೊಂಡೋನು ನಾಳೆ ಬಂದು ಜಗಳಕ್ಕೆ ನಿಂತ್ರೆ ಅಂತ ನಾನೇ ಕೇಳ್ದೆ. ‘ನಮ್ಮನೆ ಆಳಿನ ಮಗ ಕಣಯ್ಯ, ಅವನೇನೂ ಕೇಳಲ್ಲ,’ ಅಂತ ನಕ್ರು. ಯಾಕೆ, ರಾಡು ಮುರೀತಾ?”

ಶಿವರಾಮು ಮೊಣಕೈಯಿಂದ ಒತ್ತಿ ಫೋನು ಕತ್ತರಿಸಿದ.

ರಸ್ತೆಯಲ್ಲಿ ಕೇರಳದ ಕಡೆಗೆ ತರಕಾರಿ ಲಾರಿಗಳು ಹೋಗುತ್ತಿದ್ದವು. ಒಂದರ ಹಿಂದೆ ಒಂದು ನಾಲ್ಕೈದು ಹೋದ ಮೇಲೆ ಗಿರೀಶ, “ಇಂಜಿನ್ನಿನ ಮೈ, ಬ್ಲಾಕಾದರೂ ಚೆನ್ನಾಗಿದೆಯಾ?” ಎಂದು ಕೇಳಿದ.

“ಇಲ್ಲ ಸಾರ್. ಕೆಳಗೆ ಕೂದಲೆಳೆ ಬಿರುಕದೆ. ಮೆಟಲ್ ಪುಟ್ಟಿ ಹಾಕಿ ಮುಚ್ಚವ್ರೆ. ಇದನ್ನ ಮಾಡ್ಸಿದ್ರೆ ನಿಮ್ಮ ದುಡ್ಡು ನೀರಿಗೆ. ನಾನೇ ಬಿಚ್ಚಿ ಅಂದೆ, ನಾನೇ ಈಗ ಬದಲಾಯಿಸಿ ಅನ್ಬೇಕಾಗಿ ಬಂತು.”

ಗಿರೀಶ ಗ್ಯಾರೇಜಿನ ಮೂಲೆಯ ನಲ್ಲಿಯಲ್ಲಿ ಕೈ ತೊಳೆದ. ಅವನ ಕೈ ಕೊಳೆಯಾಗಿರಲಿಲ್ಲ. ಏನನ್ನೂ ಮುಟ್ಟಿರಲಿಲ್ಲ.

ಭಾನುವಾರ ಬೆಳಿಗ್ಗೆ ಅಪ್ಪನ ಮೊಪೆಡ್ ತೆಗೆದುಕೊಂಡು ಚಂದಕವಾಡಿಗೆ ಹೋದ. ಗೋದಾಮಿನ ಮುಂದೆ ಅರಿಸಿನ ಹರಡಿತ್ತು. ಗುರುಪಾದಸ್ವಾಮಿಯವರು ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. “ಏನ್ಲಾ ಗಿರೀಶ, ಮಾರಯ್ಯ ಚೆಂದಾಗವ್ನ?” ಎಂದರು. ಚೆನ್ನಾಗಿದ್ದಾರೆ ಎಂದು ಹೇಳಿ ಅವನು ಒಳಗೆ ಹೋದ. ದಿಲೀಪ ಮೂಟೆಗಳ ನಡುವೆ ತಕ್ಕಡಿಯ ಹತ್ತಿರ ನಿಂತಿದ್ದ.

“ಇಂಜಿನ್ ಬಿಚ್ಚಿಸ್ದೆ,” ಎಂದ ಗಿರೀಶ.

ದಿಲೀಪ ತೂಕದ ಮೂಟೆಯ ಮೇಲಿಂದ ಕೈ ತೆಗೆದ. “ಬ್ಯಾಡ ಅಂದಿದ್ನಲ್ಲ.”

“ಮೂರು ಸಲ ಅಂದಿದ್ದೆ.”

ದಿಲೀಪ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. “ನೋಡು, ನೀರು ಹೋಗಿತ್ತು, ಇಲ್ಲ ಅನ್ನಲ್ಲ. ರಿಪೇರಿ ಮಾಡ್ಸೇ ತಾನೆ ಕೊಟ್ಟದ್ದು? ಹಳೇ ಗಾಡಿ ಅಂದ್ಮೇಲೆ ಇವೆಲ್ಲ ಇದ್ದದ್ದೇ.”

“ನೀರು ಹೋಗಿತ್ತು ಅಂತ ಒಂದು ಮಾತು ಹೇಳಿದ್ರೆ ಅದೇ ರೇಟಿಗೆ ತಗೊಂಡು, ಅವತ್ತೇ ಇಂಜಿನ್ ಕೆಲಸ ಮಾಡಿಸ್ತಿದ್ದೆ. ಹೆಂಡತಿ ಮಗೂನ ಕೂರಿಸ್ಕೊಂಡು ಓಡಾಡ್ದೆ ಕಣೋ ಅದ್ರಲ್ಲಿ.”

“ಅದ್ಕೇ ಈಗ ಅರ್ಧ ಕೊಡ್ತೀನಿ ಅಂದೆ.”

“ಮುಚ್ಚೋದಕ್ಕೆ ಕೊಡ್ತೀನಿ ಅಂದೆ.”

ದಿಲೀಪ ತಕ್ಕಡಿಯ ಕಡೆ ತಿರುಗಿದ. ಗಿರೀಶ ಬಂದ ದಾರಿಯುದ್ದಕ್ಕೂ ಇನ್ನೊಂದು ಮಾತನ್ನು ಆಡಬಾರದು ಎಂದುಕೊಂಡೇ ಬಂದಿದ್ದ, ಆದರೆ ಅದನ್ನು ಹೇಳದೆ ಹಿಂದಿರುಗುವುದು ಆಗಲಿಲ್ಲ. “ಆಳಿನ ಮಗ, ಏನೂ ಕೇಳಲ್ಲ ಅಂದ್ಯಂತೆ.”

ದಿಲೀಪನ ಮುಖಕ್ಕೆ ರಕ್ತ ನುಗ್ಗಿತು. “ಯಾರಂದ್ರು? ಅದು... ಲೇತಿನವನ ಹತ್ರ ಏನೋ ಮಾತಿಗೆ ಅಂದದ್ದು. ಮನೇಲಿ ಅಪ್ಪ ಅಂತಿರೋದು ಕೇಳಿ ಕೇಳಿ ಬಾಯಿಗೆ ಬಂದದ್ದು ಕಣ್ಲಾ. ಮನಸಲ್ಲಿ ಇಟ್ಕೊಂಡು ಅಂದದ್ದಲ್ಲ.”

“ಮನಸಲ್ಲಿ ಇಲ್ಲದೆ ಬಾಯಿಗೆ ಬತ್ತದಾ?”

“ಹಂಗಾದ್ರೆ ನಿಮ್ಮವ್ವನ್ನ ಎತ್ತಿ ಕೂರಿಸ್ಕೊಂಡು ಮೈಸೂರಿಗೆ ಒಯ್ದೋನು ಯಾರು? ನಾನೇ ತಾನೆ? ಅವತ್ತು ಆಳು ಗೀಳು ಅಂತ ನೋಡ್ದ್ನ ನಾನು?”

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಅವತ್ತು ದಿಲೀಪ ನಿಜವಾಗಿಯೂ ನೋಡಿರಲಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ಶಿವಮ್ಮನ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಆ ದಿಲೀಪನೂ ಇವನೇ, ಲೇತಿನ ಅಂಗಡಿಯಲ್ಲಿ ನಕ್ಕವನೂ ಇವನೇ. ಇಬ್ಬರಲ್ಲಿ ಒಬ್ಬ ಸುಳ್ಳಾಗಿದ್ದರೆ ಎಷ್ಟು ಸಲೀಸಾಗಿರುತ್ತಿತ್ತು.

“ಅದಕ್ಕೇ ಬಿಚ್ಚಿಸ್ದೆ,” ಎಂದ ಗಿರೀಶ ಕೊನೆಗೆ. “ಅವ್ವನ್ನ ಉಳಿಸಿದ ಇಂಜಿನ್ನು, ತೂಕಕ್ಕೆ ಹಾಕಬಾರದು ಅಂತ.”

ದಿಲೀಪ ನೆಲ ನೋಡಿದ. ಒಂದು ಕ್ಷಣ ಅವನ ಬಾಯಿಂದ ಏನೋ ಬರುತ್ತದೆ ಎನ್ನಿಸಿತು ಗಿರೀಶನಿಗೆ. ಬರಬಹುದಾಗಿದ್ದ ಮಾತು ತೀರ ಚಿಕ್ಕದು. ಅಷ್ಟು ಸಾಕಾಗಿತ್ತು. ಆದರೆ ದಿಲೀಪ, “ಆಯ್ತು, ಹೊಸ ಇಂಜಿನ್ನಿನ ಪೂರ್ತಿ ದುಡ್ಡು ನಾನೇ ಕೊಡ್ತೀನಿ. ಈ ವಿಷ್ಯ ಪೇಟೇಲಿ ಎಲ್ಲೂ ಆಡ್ಬೇಡ. ನಾಕು ಜನದ ಮುಂದೆ ವ್ಯಾಪಾರ ಮಾಡೋರು ನಾವು,” ಎಂದ.

ಗಿರೀಶ ಹೊರಗೆ ಬಂದು ಮೊಪೆಡ್ ಏರಿದ. ಗುರುಪಾದಸ್ವಾಮಿಯವರು ಹಿಂದಿನಿಂದ, ಮಾರಯ್ಯನಿಗೆ ಹೇಳು, ಸೋಮವಾರ ಮೂಟೆ ಹೊಲಿಯೋದಕ್ಕೆ ಒಬ್ಬರು ಬೇಕು, ಯಾರಾದರೂ ಇದ್ದರೆ ಕಳಿಸಲಿ ಎಂದು ಕೂಗಿ ಹೇಳಿದರು.

ಮನೆಯಲ್ಲಿ ಶಿವಮ್ಮ ಸೊಪ್ಪು ಸೋಸುತ್ತಾ ಎಲ್ಲ ಕೇಳಿಸಿಕೊಂಡಳು. “ಬುಡು ಮಗ. ದುಡ್ಡಿನ ಆಸೆಗೆ ಏನೋ ಮಾಡವ್ನೆ. ನನ್ನ ಜೀವ ಉಳ್ಸವ್ನೆ, ಅದನ್ನ ಮರೆಯಕಾದ್ದ? ಹಗೆ ಕಟ್ಕಬ್ಯಾಡ.”

ಮಾನಸ ಒಳಗಿನಿಂದಲೇ, “ಜೀವ ಉಳಿಸಿದ್ರೆ ಜೀವ ತೆಗೆಯೋ ಹಕ್ಕೂ ಬತ್ತದಾ ಅತ್ತೆ? ಆ ಗಾಡೀಲಿ ಮಗು ಇರ್ತಿತ್ತು,” ಎಂದಳು.

ಮಾರಯ್ಯ ಗೋಡೆಗೆ ಒರಗಿ ಕೂತಿದ್ದ. ಅಲ್ಲಿಂದಲೇ ಕೇಳಿದ, “ಆಳು ಅಂದ್ನಂತ?”

“ಹೂಂ.”

“ಅದ್ರಲ್ಲೇನದೆ. ಆಳೇ ಆಗಿದ್ದೆ.” ಅವನು ಮೊಣಕಾಲು ಉಜ್ಜಿಕೊಂಡ. “ಏನೂ ಕೇಳಲ್ಲ ಅಂದ್ನಲ್ಲ, ಅದು ನನ್ನ ನೋಡಿ ಕಲ್ತದ್ದು ಕಣಪ್ಪ. ಇಪ್ಪತ್ತೆರಡು ವರ್ಸ ಅವರ ಮನೇಲಿ ನಾನು ಒಂದು ಮಾತು ಕೇಳ್ನಿಲ್ಲ. ಕೂಲಿ ಕಮ್ಮಿ ಕೊಟ್ಟಾಗ್ಲೂ ಕೇಳ್ನಿಲ್ಲ, ಕಣದಲ್ಲಿ ಬೆರಳು ಮುರಿದಾಗ್ಲೂ ಕೇಳ್ನಿಲ್ಲ. ಆ ಮಗ ತೊಟ್ಲಲ್ಲಿದ್ದಾಗ್ಲಿಂದ ನೋಡವ್ನೆ.”

ಅಪ್ಪನಿಗೆ ಸಮಾಧಾನ ಹೇಳಬೇಕೆಂದು ಗಿರೀಶನಿಗೆ ಅನಿಸಿತು. ಆದರೆ ಕಾರು ಕೊಳ್ಳುವಾಗ ತಾನೂ ಒಂದು ಮಾತು ಕೇಳಿರಲಿಲ್ಲ. ಬೇರೆಯವರ ಹೊಲದ ಒಂದು ಕಲ್ಲು ಒಂದಡಿ ಸರಿದಿದ್ದರೆ ಮೂರು ಸಲ ಅಳತೆಯ ಸರಪಳಿ ಎಳೆಯುವವನು, ತನ್ನ ದುಡ್ಡು ಹಾಕುವಾಗ ಬಾನೆಟ್ಟನ್ನೂ ಎತ್ತಿಸಿರಲಿಲ್ಲ. ಅದನ್ನು ಸ್ನೇಹ ಎಂದು ಕರೆದುಕೊಂಡಿದ್ದ.

ಇಂಜಿನ್ನು ಬದಲಾಯಿಸದೆ ಬೇರೆ ದಾರಿ ಉಳಿಯಲಿಲ್ಲ. ಶಿವರಾಮು ಎಲ್ಲ ಕಡೆ ಕೇಳಿದ. ಆ ಮಾದರಿಯದು ಮೈಸೂರಿನಲ್ಲೂ ಇರಲಿಲ್ಲ, ಕಲ್ಲಿಕೋಟೆಯಲ್ಲೂ ಇರಲಿಲ್ಲ. ಇದ್ದದ್ದು ಕೊಯಮತ್ತೂರಿನಲ್ಲಿ ಒಂದೇ, ದಿಲೀಪ ಹೇಳಿದ್ದೇ. ಗಿರೀಶ ಶಿವರಾಮುವನ್ನು ಕರೆದುಕೊಂಡು ತಾನೇ ಹೋದ. ಇಬ್ಬರೂ ಒಂದು ದಿನ ಪೂರ್ತಿ ಕೂತು ಅದನ್ನು ಪರೀಕ್ಷೆ ಮಾಡಿದರು. ದಿಲೀಪ ಆ ಇಂಜಿನ್ನಿನ ಬಗ್ಗೆ ಹೇಳಿದ್ದು ಒಂದೊಂದೂ ನಿಜವಾಗಿತ್ತು. ಇಪ್ಪತ್ತು ಸಾವಿರವೇ ಓಡಿತ್ತು, ಅದರ ಗಾಡಿ ಹಿಂದಿನಿಂದಲೇ ಗುದ್ದಿಸಿಕೊಂಡಿತ್ತು. ಗಿರೀಶ ಪೂರ್ತಿ ಹಣ ತಾನೇ ಕೊಟ್ಟ. ಹಳೆಯ ಇಂಜಿನ್ನನ್ನು ಬಿಚ್ಚಿದ್ದರಿಂದ ಅವರು ಅದನ್ನು ತೆಗೆದುಕೊಳ್ಳಲಿಲ್ಲ. ಶಿವರಾಮು ಅದನ್ನು ಗುಂಡ್ಲುಪೇಟೆಯಲ್ಲೇ ಗುಜರಿಗೆ ತೂಕಕ್ಕೆ ಹಾಕಿದ.

ಹೊಸ ಇಂಜಿನ್ನಿನ ನಂಬರು ಕಾರಿನ ನೋಂದಣಿ ಪುಸ್ತಕದಲ್ಲಿ ಸೇರಿತು. ಕಾರು ಮೊದಲಿಗಿಂತ ಚೆನ್ನಾಗಿ ಓಡತೊಡಗಿತು. ತೆರಕಣಾಂಬಿಯ ಆಚೆಯ ನೇರ ರಸ್ತೆ ಅಲ್ಲೇ ಇತ್ತು, ಆದರೆ ಗಿರೀಶ ಕಾಲು ಒತ್ತುವುದನ್ನು ಬಿಟ್ಟಿದ್ದ. ಎರಡು ತಿಂಗಳು ಹಾಗೆ ಓಡಿಸಿ, ಮಾರಿಬಿಡುವುದು ಎಂದು ನಿರ್ಧರಿಸಿದ.

ಮೊದಲು ಬಂದವನು ಬೇಗೂರಿನ ರಾಜಶೇಖರ್, ಗೊಬ್ಬರದಂಗಡಿಯವನು. ಕಾರು ಓಡಿಸಿ ನೋಡಿ ಬಹಳ ಇಷ್ಟಪಟ್ಟ. ಮುಂಗಡ ಕೊಡಲು ಜೇಬಿಗೆ ಕೈ ಹಾಕಿದಾಗ ಗಿರೀಶ ತಡೆದ. ಇಂಜಿನ್ನಿಗೆ ನೀರು ಹೋಗಿದ್ದು, ರಾಡು ತಟ್ಟಿ ಹಾಕಿದ್ದು, ಬ್ಲಾಕು ಬಿರುಕು ಬಿಟ್ಟದ್ದು, ಇಂಜಿನ್ನು ಬೇರೆಯದು ಎನ್ನುವುದು, ಎಲ್ಲವನ್ನೂ ಮೊದಲಿನಿಂದ ಕೊನೆಯವರೆಗೆ ಹೇಳಿದ. ಶಿವರಾಮುವಿನ ಬಿಲ್ಲು, ಕೊಯಮತ್ತೂರಿನ ಚೀಟಿ ಎಲ್ಲ ತೋರಿಸಿದ. ದಿಲೀಪನ ಹೆಸರೊಂದನ್ನು ಹೇಳಲಿಲ್ಲ.

ರಾಜಶೇಖರ್ ಜೇಬಿನಿಂದ ಕೈ ತೆಗೆದು, ಮನೆಯಲ್ಲಿ ಒಂದು ಮಾತು ಕೇಳಿ ಹೇಳುತ್ತೇನೆ ಎಂದು ಹೋದ. ಮತ್ತೆ ಬರಲಿಲ್ಲ. ಆಮೇಲೆ ಬಂದ ಇಬ್ಬರೂ ಹಾಗೆಯೇ ಹೋದರು.

“ಯಾಕೆ ಸಾರ್ ಎಲ್ಲ ಹೇಳ್ಕೊಂಡ್ ಕೂರ್ತೀರ?” ಎಂದು ಶಿವರಾಮು ಒಂದು ದಿನ ಬೇಸರದಿಂದ ಹೇಳಿದ. “ಬೇಗೂರಿನೋರು ಏನಂತಾವ್ರೆ ಗೊತ್ತಾ? ಕೇಳದೆ ಇಷ್ಟು ಹೇಳ್ತಾವ್ನೆ ಅಂದ್ರೆ ಇನ್ನೆಷ್ಟು ಮುಚ್ಚಿಟ್ಟವ್ನೊ ಆ ಸರ್ವೆಯರು ಅಂತಾವ್ರೆ. ಈಗ ಈ ಭಾಗದಲ್ಲಿ ನಿಮ್ಮ ಗಾಡೀನ ಯಾರೂ ತಗೊಳಲ್ಲ.”

ಗಿರೀಶ ನಕ್ಕ. ಆ ನಗುವಿಗೆ ಶಿವರಾಮು ಮುಖ ತಿರುಗಿಸಿ ಪಾನಾ ಹುಡುಕತೊಡಗಿದ.

ಹೀಗೆ ಕಾರು ಅವನಲ್ಲೇ ಉಳಿಯಿತು. ದಿನಕ್ಕೆ ಎಂಬತ್ತು ಕಿಲೋಮೀಟರ್ ಅದರಲ್ಲೇ ಓಡಾಡುತ್ತಿದ್ದ. ಶ್ರಾವಣದಲ್ಲಿ ಒಂದು ಬೆಳಿಗ್ಗೆ ಚಾಮರಾಜನಗರದ ಪೆಟ್ರೋಲ್ ಬಂಕಿನಲ್ಲಿ ಸಾಲು ಇತ್ತು. ಪಕ್ಕದ ಸಾಲಿನಲ್ಲಿ ದಿಲೀಪನ ದೊಡ್ಡ ಗಾಡಿ ಬಂದು ನಿಂತಿತು. ಇಬ್ಬರ ಕಿಟಕಿಯೂ ತೆರೆದೇ ಇತ್ತು, ನೋಡಲಿಲ್ಲ ಎನ್ನುವ ಹಾಗಿರಲಿಲ್ಲ.

“ಹೆಂಗದೆ ಗಾಡಿ?” ಎಂದ ದಿಲೀಪ.

“ಓಡ್ತದೆ.”

ದಿಲೀಪ ಇನ್ನೇನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಮುಂದಿನ ಆಟೊ ಸರಿಯಿತು. ಹಿಂದಿನವರು ಹಾರ್ನ್ ಹಾಕಿದರು. ಗಿರೀಶ ಗೇರು ಹಾಕಿ ಕಾರನ್ನು ಮುಂದಕ್ಕೆ ತೆಗೆದುಕೊಂಡ.